ರೋಗವೋ, ಮದ್ದಿನ ಕಾಟವೋ? – ಮೈಲುತುತ್ತ, ಸುಣ್ಣ ಮತ್ತು ಒಂದು ಚಾಕು

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. ಈ ಸಲ ಬರೆಸಿದ್ದು ಹೊಸಬಾಳೆಯ ಮಾವ. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಅವರದ್ದು ಚಿಕ್ಕ ಅಡಿಕೆ ತೋಟ. ಹೋದ ತಿಂಗಳು ಮೊಬೈಲಿಗೆ ನಾಲ್ಕು ಫೋಟೋ ಕಳಿಸಿದರು. ನಾಲ್ಕರಲ್ಲೂ ಅಡಿಕೆ ಸೋಗೆ, ತುದಿ ಕಂದು ಬಣ್ಣಕ್ಕೆ ತಿರುಗಿದೆ, ನಡುವೆ ಅಲ್ಲಲ್ಲಿ ಚುಕ್ಕಿ. ಹಿಂದೆಯೇ ಫೋನು.

"ಎಲೆಚುಕ್ಕಿಗೆ ಅಂತ ಮದ್ದು ಹೊಡೆಸಿ ಎಂಟು ದಿನ ಆಯ್ತು. ಹೊಡೆದ್ಮೇಲೇ ಜಾಸ್ತಿ ಆದಂಗೆ ಕಾಣ್ತದಲ ಮಾರಾಯ! ಇದು ರೋಗನೋ, ಮದ್ದಿನ ಕಾಟನೋ? ನೀನು ಇಡೀ ದಿನ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ನೋಡಿ ಹೇಳು."

ನಾನು ಕೃಷಿ ಓದಿದವನಲ್ಲ. ಹಳೇ ಪುಸ್ತಕ ಕೆದಕುವ ಚಟ ಇದೆ ಅಷ್ಟೆ. ಕೆದಕುತ್ತಾ ಹೋದಾಗ ತಿಳಿದದ್ದು ಇದು: ಮಾವ ಕೇಳಿದ ಪ್ರಶ್ನೆ ನಮ್ಮ ಮಲೆನಾಡಿಗೆ ನೂರು ವರ್ಷಕ್ಕಿಂತ ಹಳೆಯದು. ಮದ್ದು ಬಂದ ದಿನದಿಂದಲೇ ಈ ಪ್ರಶ್ನೆಯೂ ಬಂದಿದೆ. ಮದ್ದಿನ ಕತೆಯನ್ನು ಎಲ್ಲರೂ ಹೇಳುತ್ತಾರೆ, ಮದ್ದು ಹೊಡೆದ ಮೇಲಿನ ಎಲೆಯ ಕತೆಯನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ :-)

ಕತೆ ಶುರುವಾಗೋದು ಸೊರಬದಲ್ಲಲ್ಲ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. 1870ರ ದಶಕದ ಕೊನೆಗೆ ಅಮೆರಿಕದಿಂದ ಬಂದ ಬೂಜು ರೋಗವೊಂದು ಅಲ್ಲಿಯ ದ್ರಾಕ್ಷಿ ಬಳ್ಳಿಗಳ ಎಲೆಗಳನ್ನು ಉದುರಿಸಿ ಬೋಳು ಮಾಡುತ್ತಿತ್ತು. ಅದೇ ಹೊತ್ತಿಗೆ ರಸ್ತೆ ಪಕ್ಕದ ತೋಟದವರಿಗೆ ಇನ್ನೊಂದು ತಲೆನೋವು, ದಾರಿಹೋಕರು ಹಣ್ಣು ಕೀಳುವುದು. ಮೆಡಾಕ್ ಸೀಮೆಯ ತೋಟಗಾರರು ಇದಕ್ಕೊಂದು ಉಪಾಯ ಮಾಡಿದ್ದರು. ರಸ್ತೆಗೆ ಹತ್ತಿರದ ಸಾಲುಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ನೀಲಿಯಾಗಿ, ವಿಷ ಬಳಿದ ಹಾಗೆ ಕಾಣುತ್ತಿತ್ತು. ಕಳ್ಳರು ಹೆದರಿ ಮುಟ್ಟುತ್ತಿರಲಿಲ್ಲ.

1882ರ ಶರತ್ಕಾಲದಲ್ಲಿ ಬೋರ್ಡೊ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಆ ದಾರಿಯಲ್ಲಿ ಬರುವಾಗ ಒಂದು ವಿಚಿತ್ರ ನೋಡಿದರು. ರಸ್ತೆ ಬದಿಯ ನೀಲಿ ಸಾಲುಗಳಲ್ಲಿ ಎಲೆ ಹಸಿರಾಗಿ ನಿಂತಿದೆ. ಒಳಗಿನ ಸಾಲುಗಳಲ್ಲಿ ಎಲೆಯೇ ಇಲ್ಲ. ಮುಂದೆ ಅವರು ರಸಾಯನಶಾಸ್ತ್ರಜ್ಞ ಗೇಯೋನ್ ಜೊತೆ ಸೇರಿ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಬೋರ್ಡೊ ದ್ರಾವಣ ಹುಟ್ಟಿದ್ದು ಹೀಗೆ. ಮೊದಲ ಅಳತೆ ಎಷ್ಟು ಗಾಢವಾಗಿತ್ತು ಅಂದರೆ, 100 ಲೀಟರ್ ನೀರಿಗೆ 8 ಕೆ.ಜಿ. ಮೈಲುತುತ್ತ, ಜೊತೆಗೆ 30 ಲೀಟರ್ ನೀರಲ್ಲಿ ಅರಳಿಸಿದ 15 ಕೆ.ಜಿ. ಸುಣ್ಣ. ಇವತ್ತು ನಾವು ಹೊಡೆಯೋದು 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ.

ಈ ಕತೆಯನ್ನು ಎಲ್ಲರೂ 'ಆಕಸ್ಮಿಕ ಸಂಶೋಧನೆ' ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಮಿಲಾರ್ಡೆಗೆ ಮದ್ದಿನ ಗುಣ ಗೊತ್ತಾಗಿದ್ದು ಮದ್ದು ಬಿದ್ದ ಸಾಲಿನಿಂದ ಮಾತ್ರ ಅಲ್ಲ, ಮದ್ದು ಬೀಳದ ಸಾಲಿನಿಂದಲೂ. ತೋಟದವರು ಜಿಪುಣತನಕ್ಕೋ ಸೋಮಾರಿತನಕ್ಕೋ ಒಳಗಿನ ಸಾಲುಗಳನ್ನು ಬಿಟ್ಟಿದ್ದರಿಂದ ಹೋಲಿಸಿ ನೋಡೋಕೆ ಆಯಿತು. ಇಡೀ ತೋಟಕ್ಕೆ ಎರಚಿದ್ದರೆ ಆ ವರ್ಷ ಈ ತೋಟಕ್ಕೆ ರೋಗವೇ ಬಂದಿಲ್ಲ ಅಂದುಕೊಂಡು ಪ್ರೊಫೆಸರು ಮುಂದೆ ಹೋಗಿಬಿಡುತ್ತಿದ್ದರೋ ಏನೋ. ಈ 'ಬಿಟ್ಟ ಸಾಲು' ನೆನಪಿರಲಿ, ಮುಂದೆ ಬೇಕಾಗುತ್ತೆ.

ಈಗ ನಮ್ಮ ಕಡೆ ಬರೋಣ. ಅಡಿಕೆಯ ಕೊಳೆರೋಗ ಯಾರಿಗೆ ಗೊತ್ತಿಲ್ಲ? ಕರಾವಳಿಯವರು ಮಹಾಳಿ ಅನ್ನುತ್ತಾರೆ. ಆಷಾಢದ ಜಡಿಮಳೆ, ನಡುನಡುವೆ ಒಂದಿಷ್ಟು ಬಿಸಿಲು, ಮತ್ತೆ ಮಳೆ... ಎಳೆಗಾಯಿ ನೀರು ನೀರಾಗಿ ಕೊಳೆತು, ಬಿಳಿ ಬೂಜು ಹತ್ತಿ ಬುಡಕ್ಕೆ ಉದುರುತ್ತದೆ. ವರ್ಷದ ಫಸಲು ಎರಡು ವಾರದಲ್ಲಿ ನೆಲಕ್ಕೆ. ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಮದ್ದು ಬರುವ ಮೊದಲು ನಮ್ಮವರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಹಾಳೆ, ಒಣಹುಲ್ಲು ಇಂಥದ್ದರಲ್ಲಿ ಮಾಡಿದ ಕೊಟ್ಟೆಯನ್ನು ಮಳೆಗೆ ಮುಂಚೆ ಪ್ರತಿ ಮರ ಹತ್ತಿ ಪ್ರತಿ ಗೊನೆಗೂ ಛತ್ರಿಯ ಹಾಗೆ ಕಟ್ಟಬೇಕು. ಯೋಚನೆ ಮಾಡಿ, ರೋಗಾಣು ಅನ್ನುವ ಮಾತೇ ಇಲ್ಲದ ಕಾಲದಲ್ಲಿ 'ಗೊನೆ ಒದ್ದೆ ಆಗಬಾರದು' ಅನ್ನುವಷ್ಟನ್ನು ನಮ್ಮ ಹಿರಿಯರು ಸರಿಯಾಗಿಯೇ ಹಿಡಿದಿದ್ದರು. ಆ ಶಿಲೀಂಧ್ರದ ಬೀಜಕಣ ನೀರಿನ ಪದರದಲ್ಲಿ ಈಜಿಕೊಂಡು ಹೋಗುವಂಥದ್ದು. ನೀರಿಲ್ಲದಿದ್ದರೆ ಅದಕ್ಕೆ ದಾರಿಯೇ ಇಲ್ಲ.

'ಕೊಳೆರೋಗ' ಅನ್ನುವ ನಮ್ಮ ಪದ ಲ್ಯಾಟಿನ್ ಹೆಸರಿಗೂ ಹೋಗಿದೆ ಗೊತ್ತಾ? ಅದು ಅಡಿಕೆಯದ್ದಲ್ಲ, ಕಾಫಿಯದ್ದು. ಕಾಫಿ ಎಲೆ ಕಪ್ಪಾಗಿ ಕೊಳೆತು ಬೂಜಿನ ದಾರಕ್ಕೆ ನೇತಾಡುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಶಿಲೀಂಧ್ರ ಶಾಸ್ತ್ರಜ್ಞ ವರ್ಣಿಸಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಅಂತ ಹೆಸರಿಟ್ಟ. ಆಮೇಲೆ ಕುಲದ ಹೆಸರು ಹಲವು ಸಲ ಬದಲಾಯಿತು, ಆದರೂ ಜಗತ್ತಿನ ಸಸ್ಯರೋಗದ ಪುಸ್ತಕಗಳಲ್ಲಿ ಈ ಕನ್ನಡ ಪದ ದಶಕಗಟ್ಟಲೆ ಕೂತಿತ್ತು. ನಾವು ಹೆಮ್ಮೆ ಪಡಬೇಕೋ ಬೇಜಾರು ಪಡಬೇಕೋ ತಿಳಿಯದು.

ಅಡಿಕೆಯ ಕೊಳೆಯ ಬಗ್ಗೆ 1906ರಲ್ಲಿ ಪೂಸಾದ ಶಿಲೀಂಧ್ರ ತಜ್ಞ ಬಟ್ಲರ್ ಬರೆದರು. ಆದರೆ ಅದರ ಬೆನ್ನು ಹತ್ತಿ ಕೂತವರು ಲೆಸ್ಲಿ ಕೋಲ್ಮನ್. ಕೆನಡಾದ ಒಂಟಾರಿಯೋದವರು, ಹುಟ್ಟಿದ್ದು 1878. ಮೂವತ್ತರ ಹರೆಯದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಬಂದು ಎರಡು ವರ್ಷಕ್ಕೆ, 1910ರಲ್ಲಿ, ಅಡಿಕೆ ಕೊಳೆರೋಗದ ಬಗ್ಗೆ ಅವರ ವರದಿ ಬಂತು. ರೋಗಕಾರಕಕ್ಕೆ ಹೆಸರು ಕೊಟ್ಟರು, ಅದು ಹೇಗೆ ಹರಡುತ್ತದೆ ಅಂತ ತೋರಿಸಿದರು, ಬೋರ್ಡೊ ದ್ರಾವಣ ಹೊಡೆದರೆ ನಿಲ್ಲುತ್ತದೆ ಅಂತಲೂ ತೋರಿಸಿದರು. (ಅಂದ ಹಾಗೆ, ಜೋಳದ ಹೊಲದ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಅದೇ ಸುಮಾರಿಗೆ 'ಕೋಲ್ಮೇನಿಯಾ' ಅಂತ ಅವರದ್ದೇ ಹೆಸರು ಬಿತ್ತು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಕಬ್ಬು ಎಲ್ಲದರ ಹಿಂದೆಯೂ ಈ ಮನುಷ್ಯ ಇದ್ದಾರೆ. 1934ರಲ್ಲಿ ಕೆಲಸ ಬಿಟ್ಟು ಹೋದರು, ತೀರಿಕೊಂಡಿದ್ದು 1954ರಲ್ಲಿ. ಅದೇ ಬೇರೆ ಪೋಸ್ಟಿನ ವಿಷಯ.)

ಫ್ರಾನ್ಸಿನ ಮದ್ದನ್ನು ಹಾಗೇ ತಂದು ಮಲೆನಾಡಿನಲ್ಲಿ ಹೊಡೆದರೆ ಆಗುತ್ತದೆಯೇ? ಅಲ್ಲಿಯ ಮಳೆಯೆಲ್ಲಿ, ನಮ್ಮ ಮಳೆಯೆಲ್ಲಿ! ಬಳ್ಳಿ ಎದೆಯೆತ್ತರ, ಅಡಿಕೆ ಐವತ್ತು ಅಡಿ. ಗೊನೆ ಬೇರೆ ನುಣುಪು, ಹನಿ ನಿಲ್ಲದೆ ಜಾರುತ್ತದೆ. ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾ ಬೇಯಿಸಿ ಮಾಡಿದ ಅಂಟನ್ನು ಸೇರಿಸಿದರು. ಮದ್ದು ಅಂಟಿಕೊಂಡು ನಿಲ್ಲತೊಡಗಿತು. ಆಮೇಲೆ ಊರೂರಿಗೆ ಪಂಪು ಹೋಯಿತು, ಸೊಂಟಕ್ಕೆ ಹಗ್ಗ ಕಟ್ಟಿ ಮರದಿಂದ ಮರಕ್ಕೆ ಹಾರುವ ಕೊನೆಗೌಡರ ಕೈಗೆ ಪಿಚಕಾರಿ ಬಂತು. ಕೊಟ್ಟೆ ಕಟ್ಟುವುದು ನಿಧಾನಕ್ಕೆ ಹಿಂದೆ ಸರಿಯಿತು. ಆಗ ಸೊರಬ ಮೈಸೂರು ಸಂಸ್ಥಾನ, ಪಕ್ಕದ ಸಿದ್ದಾಪುರ, ಶಿರಸಿ ಮುಂಬಯಿ ಪ್ರಾಂತ್ಯ, ಘಟ್ಟದ ಕೆಳಗೆ ದಕ್ಷಿಣ ಕನ್ನಡ ಮದರಾಸು. ಮೂರು ಸರ್ಕಾರ, ಒಂದೇ ರೋಗ. ಬೀಜಕಣಕ್ಕೆ ಗಡಿ ಎಲ್ಲಿಂದ ಗೊತ್ತಾಗಬೇಕು.

ಇಲ್ಲೇ ಮಾವನ ಪ್ರಶ್ನೆ ಹುಟ್ಟೋದು.

ಬೋರ್ಡೊ ದ್ರಾವಣ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಅದು ಅಡುಗೆ. ಹದ ತಪ್ಪಿದರೆ ಕೆಡುತ್ತದೆ. ಮೈಲುತುತ್ತವನ್ನು ಮಾತ್ರ ನೀರಲ್ಲಿ ಕರಗಿಸಿ ಎಲೆಗೆ ಹೊಡೆದರೆ ಶಿಲೀಂಧ್ರವೂ ಸಾಯುತ್ತದೆ, ಎಲೆಯೂ ಸಾಯುತ್ತದೆ. ತಾಮ್ರ ಇಬ್ಬರಿಗೂ ವಿಷ. ಸುಣ್ಣ ಬಂದು ಆ ಹುಳಿಯನ್ನು ಮುರಿದು, ಕರಗಿದ ತಾಮ್ರವನ್ನು ನೀರಲ್ಲಿ ಕರಗದ ನೀಲಿ ಕಣಗಳಾಗಿ ಮಾಡುತ್ತದೆ. ಆ ಕಣಗಳು ಎಲೆ ಮೇಲೆ ಕೂತು ಒಣಗಿ, ಮಳೆ ಬಂದಾಗ ಚೂರು ಚೂರೇ ತಾಮ್ರ ಬಿಡುತ್ತವೆ. ಶಿಲೀಂಧ್ರದ ಬೀಜಕಣಕ್ಕೆ ಅಷ್ಟು ಸಾಕು, ಎಲೆಗೆ ಅಷ್ಟರಿಂದ ಏನೂ ಆಗದು. ಇಡೀ ಮದ್ದು ನಿಂತಿರುವುದು ಈ ತೆಳ್ಳನೆ ಅಂತರದ ಮೇಲೆ. ಸುಣ್ಣ ಕಡಿಮೆ ಆದರೆ ಅಂತರ ಹೋಯಿತು, ಎಲೆ ಸುಟ್ಟಿತು.

ಸುಣ್ಣ ಕಡಿಮೆ ಆಗೋದು ಹೇಗೆ? ತೂಕ ಸರಿಯಾಗಿಯೇ ಹಾಕಿರುತ್ತಾರೆ. ಮೋಸ ಇರುವುದು ಸುಣ್ಣದಲ್ಲೇ. ಸುಟ್ಟ ಸುಣ್ಣವನ್ನು ಗಾಳಿಗೆ ಬಿಟ್ಟು ಹಳೆಯದು ಮಾಡಿದರೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಿನ ಪುಡಿಯೇ ಆಗುತ್ತದೆ. ನೋಡೋಕೆ ಅದೇ ಬಿಳಿ, ತೂಕ ಅದೇ ಒಂದು ಕೆ.ಜಿ., ಆದರೆ ಹುಳಿ ಮುರಿಯುವ ಶಕ್ತಿ ಇಲ್ಲ. ಹೋದ ವರ್ಷ ಗೋಡೆಗೆ ಬಳಿದು ಉಳಿದ ಚೀಲ ಕೊಟ್ಟಿಗೆ ಮೂಲೆಯಲ್ಲಿ ಇದೆಯಲ್ಲ, ಅದನ್ನೇ ತಂದು ಕಲಸಿದರೆ ಮುಗಿಯಿತು ಕತೆ.

ಇದಕ್ಕೆ ಬಹಳ ಹಳೆಯ ಒಂದು ಪರೀಕ್ಷೆ ಇದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನೋ ಕತ್ತಿಯನ್ನೋ ಕಲಸಿದ ಮದ್ದಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ಇನ್ನೂ ಬಿಡಿ ತಾಮ್ರ ಇದೆ ಎಂದರ್ಥ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಬಂದು ಕೂತಿರುತ್ತದೆ. ಆಗ ಸುಣ್ಣದ ತಿಳಿ ಇನ್ನಷ್ಟು ಹಾಕಿ ಮತ್ತೆ ಅದ್ದಿ ನೋಡಬೇಕು. ಅಲಗು ಹೊಳೆಯುತ್ತಲೇ ಇದ್ದರೆ ಹೊಡೆಯಬಹುದು. ಇವತ್ತಿನ ಅಡುಗೆಮನೆಯ ಸ್ಟೀಲ್ ಚಾಕುವನ್ನು ನಂಬಬೇಡಿ, ತುಕ್ಕು ಹಿಡಿಯದ ಆ ಸ್ಟೀಲು ತಾಮ್ರಕ್ಕೂ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಲಿಟ್ಮಸ್ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು. ಕಲಸುವ ಕ್ರಮವೂ ಇದೆ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕದಡುತ್ತಾ ಸುರಿಯಬೇಕು, ತಿರುಗಿಸಿ ಸುರಿದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ. ಕಬ್ಬಿಣದ ಪಾತ್ರೆ ಕೂಡದು. ಇವತ್ತು ಕಲಸಿದ್ದು ಇವತ್ತೇ ಮುಗಿಯಬೇಕು. ಹಳೇ ಕೊನೆಗೌಡರಿಗೆ ಇದೆಲ್ಲ ಮಗ್ಗಿಯ ಹಾಗೆ ಬರುತ್ತಿತ್ತು. ಈಗ ನಾನು ಊರಿಗೆ ಹೋದಾಗ ನೋಡಿದ ತೋಟಗಳಲ್ಲಿ ಚಾಕು ಅದ್ದುವವರು ಕಾಣಲಿಲ್ಲ. ಬ್ಯಾರಲ್ಲು, ಒಂದು ಕೋಲು, ಮೊಬೈಲಿನಲ್ಲಿ ಹಾಡು. ಅಷ್ಟೆ.

ಸುಣ್ಣ ಸರಿಯಿದ್ದರೂ ಎಲೆ ಸುಡುವುದುಂಟಾ? ಉಂಟು. 1907ರಲ್ಲಿ, ಅಂದರೆ ಕೋಲ್ಮನ್ ಇಲ್ಲಿಗೆ ಬರುವ ಹಿಂದಿನ ವರ್ಷ, ನ್ಯೂಯಾರ್ಕ್ ರಾಜ್ಯದ ಜಿನೀವಾ ಪ್ರಯೋಗ ಕೇಂದ್ರದ ಹೆಡ್ರಿಕ್ 'ಬೋರ್ಡೊ ಗಾಯ' ಅಂತಲೇ ಒಂದು ವರದಿ ಬರೆದರು. ಅಲ್ಲಿಯ ಸೇಬು ತೋಟದವರೂ ನಮ್ಮ ಮಾವನ ಹಾಗೇ ಗೋಳಾಡುತ್ತಿದ್ದರು. ಮದ್ದು ಹೊಡೆದ ಮೇಲೆ ಎಲೆಯಲ್ಲಿ ಕಂದು ಚುಕ್ಕಿ, ಆಮೇಲೆ ಹಳದಿ, ಆಮೇಲೆ ಉದುರು. ರೋಗವೂ ಚುಕ್ಕಿ ಮಾಡುತ್ತದೆ, ಮದ್ದೂ ಚುಕ್ಕಿ ಮಾಡುತ್ತದೆ. ಹೆಡ್ರಿಕ್ ಮುಖ್ಯವಾಗಿ ಬೊಟ್ಟು ಮಾಡಿದ್ದು ಹವೆಯ ಕಡೆಗೆ. ಸಿಂಪಡಿಸಿದ ಮೇಲೆ ಎಲೆ ಬಹಳ ಹೊತ್ತು ಒದ್ದೆಯಾಗಿಯೇ ಉಳಿದರೆ ಗಾಯ ಹೆಚ್ಚು. ಒಣಗೋಕೆ ಬಿಡದ ಮಳೆ ಅಂದರೆ ನಮ್ಮ ಜೂನ್, ಜುಲೈ! ಅದಕ್ಕೇ ಮುಂಗಾರು ಹಿಡಿಯುವ ಮೊದಲೇ ಮೊದಲ ಸಲ ಹೊಡೆದು ಮುಗಿಸಿ, ನಲವತ್ತು ನಲವತ್ತೈದು ದಿನಕ್ಕೆ ಬಿಡುವು ನೋಡಿ ಎರಡನೆಯದು ಅನ್ನುವ ಲೆಕ್ಕ.

ಇದರ ಉಲ್ಟಾ ಸಂಗತಿಯೂ ಇದೆ. ಕಾಫಿ ತೋಟಗಳಲ್ಲಿ ಬೋರ್ಡೊ ಹೊಡೆದ ಗಿಡಗಳ ಎಲೆ ರೋಗ ಹೆಚ್ಚಿಲ್ಲದ ವರ್ಷವೂ ಕಡುಹಸಿರಾಗಿ, ಹೆಚ್ಚು ದಿನ ಉದುರದೆ ನಿಲ್ಲುವುದನ್ನು ಕಂಡು ಅದಕ್ಕೆ ಟಾನಿಕ್ ಪರಿಣಾಮ ಅಂತ ಹೆಸರಿಟ್ಟರು. ಹಾಗಾಗಿ ಹಸಿರಾಯಿತು ಅಂದ ಮಾತ್ರಕ್ಕೆ ರೋಗ ಹೋಯಿತು ಅಂತಲೂ ಹೇಳಲಾಗದು, ಕಂದಾಯಿತು ಅಂದ ಮಾತ್ರಕ್ಕೆ ರೋಗ ಬಂತು ಅಂತಲೂ ಹೇಳಲಾಗದು.

ಈಗ ಎಲೆಚುಕ್ಕಿಗೆ ಬರೋಣ. ಈ ರೋಗ ಹೊಸದೇನಲ್ಲ, ಆದರೆ ಇಷ್ಟು ಜೋರಾಗಿದ್ದು ಈಚೆಗೆ. 2022ರಲ್ಲಿ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪ, ಕಳಸ ಸುತ್ತ ಇಡೀ ತೋಟಗಳೇ ಸುಟ್ಟ ಹಾಗೆ ಕಂಡವು. ಕೆಳಗಿನ ಸೋಗೆಯಲ್ಲಿ ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಚುಕ್ಕಿಗಳು ಕೂಡಿಕೊಂಡು ಸೋಗೆ ಒಣಗಿ ಜೋತು ಬೀಳುತ್ತದೆ. ಕೊಲೆಟೋಟ್ರೈಕಮ್, ಫಿಲ್ಲೋಸ್ಟಿಕ್ಟಾ ಅನ್ನುವ ಶಿಲೀಂಧ್ರಗಳ ಹೆಸರು ಕೇಳಿಬಂತು. ಕೊಳೆರೋಗ ಒಂದು ವರ್ಷದ ಫಸಲನ್ನು ತಿನ್ನುತ್ತಿತ್ತು, ಇದು ಎಲೆಯನ್ನೇ ತಿಂದರೆ ಮುಂದಿನ ಎರಡು ಮೂರು ವರ್ಷದ ಫಸಲಿಗೂ ಕುತ್ತು. ಜನ ಗಾಬರಿಯಾದರು. ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್... ಬಾಯಿಗೆ ಬಾರದ ಹೆಸರೆಲ್ಲ ಹೊಸಬಾಳೆಯಂಥ ಊರಲ್ಲೂ ಸಂತೆಯ ಮಾತಾಯಿತು. ಒಂದು ಹೊಡೆದು ವಾರಕ್ಕೆ ಇನ್ನೊಂದು, ಜೊತೆಗೆ ಹುಳಕ್ಕೆ ಒಂದು, ಜೊತೆಗೆ ಎಲೆಗೆ ಗೊಬ್ಬರ, ಎಲ್ಲ ಒಂದೇ ಬ್ಯಾರಲ್ಲಿನಲ್ಲಿ. ಬಯ್ಯುವಂಥದ್ದೇನಿಲ್ಲ ಇದರಲ್ಲಿ. ಸಾಲ ಮಾಡಿ ಗದ್ದೆಗೆ ಅಡಿಕೆ ಹಾಕಿ, ಅದು ಫಸಲಿಗೆ ಬರುವ ಹೊತ್ತಿಗೆ ಸೋಗೆ ಒಣಗುತ್ತಿದ್ದರೆ ಯಾರು ತಾನೇ ಕೈಕಟ್ಟಿ ಕೂರುತ್ತಾರೆ. ಆದರೆ ಇದರಿಂದ ಒಂದು ಅನಾಹುತ ಆಯಿತು. ಐದು ಸಾಮಾನು ಒಟ್ಟಿಗೆ ಬಿದ್ದ ಎಲೆ ಕಂದಾದರೆ ಕಾರಣ ಯಾವುದು ಅಂತ ಹೇಳೋಕೆ ಯಾರಿಂದಲೂ ಆಗದ ಸ್ಥಿತಿ.

ಆದರೂ ಎಲೆ ಸಾಕಷ್ಟು ಮಾತಾಡುತ್ತದೆ. ಮಾವನಿಗೆ ನಾನು ಫೋನಿನಲ್ಲಿ ಮೊದಲು ಕೇಳಿದ್ದು ಮರದ್ದಲ್ಲ, ಮರದ ಬುಡದ್ದು. ಬುಡದಲ್ಲಿರುವ ಬಾಳೆ, ಏಲಕ್ಕಿ, ಮೆಣಸಿನ ಬಳ್ಳಿ, ಕಳೆಗಿಡ ಇವುಗಳ ಎಲೆಯಲ್ಲೂ ಹನಿ ಬಿದ್ದಲ್ಲಿ ಸುಟ್ಟ ಗುರುತು ಇದೆಯಾ? ಅಡಿಕೆಯ ರೋಗ ಅಡಿಕೆಯನ್ನು ಹುಡುಕಿಕೊಂಡು ಬರುತ್ತದೆ, ಮದ್ದಿಗೆ ಆ ಭೇದ ಇಲ್ಲ. ಬಾಳೆಯಲ್ಲೂ ಕಳೆಯಲ್ಲೂ ಒಂದೇ ದಿನ ಒಂದೇ ಥರದ ಕಲೆ ಎದ್ದಿದ್ದರೆ ಅದು ಮದ್ದಿನದ್ದೇ. ಎರಡನೆಯದು ಹೊತ್ತು. ಮದ್ದಿನ ಸುಡುವಿಕೆ ಎರಡು ಮೂರು ದಿನದಲ್ಲಿ ಎಲ್ಲ ಕಡೆ ಒಟ್ಟಿಗೆ ಕಾಣಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ. ರೋಗ ಅಲ್ಲೊಂದು ಇಲ್ಲೊಂದು ಶುರುವಾಗಿ ವಾರ ವಾರಕ್ಕೆ ದೊಡ್ಡದಾಗುತ್ತದೆ. ಸುಟ್ಟ ಕಲೆ ಹನಿ ಕೂಡುವ ಜಾಗದಲ್ಲಿ ಜಾಸ್ತಿ, ಅಂದರೆ ತುದಿಯಲ್ಲಿ, ಅಂಚಿನಲ್ಲಿ, ಮಡಿಕೆಯಲ್ಲಿ. ಎಲೆ ಮೇಲೆ ಒಣಗಿದ ತಿಳಿನೀಲಿ ಕಲೆ ಅಂತೂ ರೋಗವೂ ಅಲ್ಲ ಗಾಯವೂ ಅಲ್ಲ, ಅದು ಮದ್ದು ಕೂತಿರುವ ಗುರುತು. ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ.

ಇನ್ನು ಎಲೆ ತಿರುಗಿಸಿ ನೋಡಬೇಕು. ಅಡಿಭಾಗದಲ್ಲಿ ಕೆಂಪು ಚುಕ್ಕಿಯಂಥ ನುಶಿ ಓಡಾಡುತ್ತಿದ್ದರೆ ಕತೆಯೇ ಬೇರೆ. ಅಡಿಕೆ, ತೆಂಗಿನ ಕೆಂಪು ನುಶಿಯನ್ನು ಮೊದಲು ಗುರುತಿಸಿದ್ದೂ ನಮ್ಮ ಪಕ್ಕದಲ್ಲೇ. ಕೊಯಮತ್ತೂರಿನ ತೆಂಗಿನ ಎಲೆಯಿಂದ ಸಿಕ್ಕಿದ್ದನ್ನು 1924ರಲ್ಲಿ ಹರ್ಸ್ಟ್ ಎಂಬಾತ ವರ್ಣಿಸಿದರು. ಹುಳ ಕೊಲ್ಲುವ ಮದ್ದು ಎಷ್ಟೋ ಸಲ ನುಶಿಯನ್ನು ಬಿಟ್ಟು ನುಶಿ ತಿನ್ನುವ ಹುಳವನ್ನು ಕೊಲ್ಲುತ್ತದೆ. ಮದ್ದು ಹೊಡೆದ ಕೆಲವು ವಾರಕ್ಕೆ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಡಿಡಿಟಿ ಬಂದ ಹೊಸದರಲ್ಲಿ, 1940ರ ದಶಕದ ಕೊನೆಗೆ, ಅಮೆರಿಕ ಯುರೋಪಿನ ಹಣ್ಣಿನ ತೋಟಗಳಲ್ಲಿ ಆಗಿದ್ದು ಇದೇ. ಇನ್ನು ಸುಳಿಯ ಎಲೆ ಗಿಡ್ಡವಾಗಿ ಮುರುಟಿ, ಬಣ್ಣ ಮಾತ್ರ ಕಡುಹಸಿರು ಇದ್ದರೆ ಆ 'ಜೋಲ್' ಮದ್ದುಗಳನ್ನು ಅತಿಯಾಗಿ ಹೊಡೆದಿರುವ ಅನುಮಾನ. ಗಿಡ ಉದ್ದವಾಗಿಸುವ ಚೋದಕವನ್ನೂ ಅವು ತಡೆಯುತ್ತವೆ. ಶಿಕಾರಿಪುರದ ಕಡೆ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆದ ಪಂಪನ್ನು ತೊಳೆಯದೆ ಹಿತ್ತಲ ಬದನೆ, ಟೊಮೇಟೊಗೆ ತಂದರೆ ಎಲೆ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಮನೆಯವರು ಮುಟುರು ರೋಗ ಅಂದುಕೊಂಡು ಇನ್ನೊಂದು ಮದ್ದು ತರುತ್ತಾರೆ!

ಗದ್ದೆ ಬಯಲಿನ ಹೊಸ ಅಡಿಕೆಗೆ ಬರೀ ಬಿಸಿಲೂ ಸಾಕು. ಪಶ್ಚಿಮದಲ್ಲಿ ನೆರಳಿಲ್ಲದ ಸಾಲಿನ ಸೋಗೆ ಬೇಸಿಗೆಯಲ್ಲಿ ಬಂಗಾರದ ಬಣ್ಣ ಆಗುತ್ತದೆ, ಕಾಂಡ ಸೀಳುತ್ತದೆ. ಹಳಬರು ಕಾಂಡಕ್ಕೆ ಸುಣ್ಣ ಬಳಿಯುತ್ತಿದ್ದದ್ದು, ಸೋಗೆ ಕಟ್ಟುತ್ತಿದ್ದದ್ದು ಅದಕ್ಕೇ.

ಕೋಲ್ಮನ್ನರ ಕೆನಡಾದಲ್ಲಿ 2018ರಿಂದ ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳಲು ಕೇಂದ್ರದ ಕಾನೂನೇ ಒಪ್ಪಿದೆ. (ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ ಇದೆ, ಹಿತ್ತಲಲ್ಲಿ ಒಂದು ಗಿಡ ಸಿಕ್ಕರೂ ಕೇಸು. ಪ್ರಯೋಗ ಬೇಡ.) ಅಲ್ಲಿಯ ಮನೆಬೆಳೆಗಾರರ ಗೋಳೂ ಇದೇ. ನುಶಿಗೆ ಅಂತ ಬೇವಿನೆಣ್ಣೆ, ಸೋಪಿನ ನೀರು ಹೊಡೆದು ಗಿಡವನ್ನು ಪ್ರಖರ ದೀಪದ ಕೆಳಗೆ ಇಟ್ಟರೆ ಎಣ್ಣೆ ಬಿದ್ದ ಎಲೆ ಸುಡುತ್ತದೆ, ಅದನ್ನು ಪೋಷಕಾಂಶದ ಕೊರತೆ ಅಂದುಕೊಂಡು ಗೊಬ್ಬರ ಸುರಿಯುತ್ತಾರೆ. ನಮ್ಮ ಹಿತ್ತಲ ಬಸಳೆಗೂ, ಮಲ್ಲಿಗೆಗೂ ಇದೇ ಮಾತು. ಬೇವಿನೆಣ್ಣೆ ಸಾಧು ಅಂತ ಮಟಮಟ ಮಧ್ಯಾಹ್ನ ಹೊಡೆಯಬಾರದು, ಸಂಜೆ ಹೊಡೆಯಬೇಕು.

ಎಲೆಯ ಪ್ರಶ್ನೆ ಎಲೆಗೇ ನಿಂತರೆ ಪುಣ್ಯ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಸುತ್ತ ನಿಲ್ಲಲಿಲ್ಲ. ಕನ್ನಡದ ಊರುಗಳು ಇವು. ಗೇರು ತೋಟದ ಟೀ ಸೊಳ್ಳೆಗೆ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಅಂಗವೈಕಲ್ಯದಲ್ಲಿ ಹುಟ್ಟುವುದನ್ನು ಕಂಡು ಅಲ್ಲಿಯ ವೈದ್ಯ ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಕೇಳಿದ್ದೂ ಮಾವನ ಪ್ರಶ್ನೆಯನ್ನೇ: ಇದು ರೋಗವೋ, ಮದ್ದೋ? ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಏನು ಮಾಡಿತು ಗೊತ್ತೇ? ಪಡ್ರೆಯ ಶಾಲಾ ಮಕ್ಕಳನ್ನೂ, ಮದ್ದು ಬೀಳದ ಬೇರೊಂದು ಊರಿನ ಶಾಲಾ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿತು. 2003ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 117 ಪಡ್ರೆಯ ಹುಡುಗರು, 90 ಆ ಇನ್ನೊಂದು ಊರಿನ ಹುಡುಗರು. ಪಡ್ರೆಯವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ತಡೆ ಕೊಟ್ಟಿತು. ಮಿಲಾರ್ಡೆಯ ಒಳಗಿನ ಸಾಲೇ ಇಲ್ಲಿ ಒಂದು ಊರಾಗಿತ್ತು. ಇಪ್ಪತ್ತು ವರ್ಷ ಮೊದಲೇ ಯಾರಾದರೂ ಆ ಹೋಲಿಕೆ ಮಾಡಿದ್ದರೆ ಅನ್ನಿಸದೆ ಇರದು.

ಮೈಲುತುತ್ತ ಎಂಡೋಸಲ್ಫಾನ್ ಅಲ್ಲ, ಒಪ್ಪಿದೆ. ಆದರೆ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಒಂದು ಕೆ.ಜಿ. ಮೈಲುತುತ್ತದಲ್ಲಿ ಹೆಚ್ಚು ಕಡಿಮೆ ಕಾಲು ಕೆ.ಜಿ. ತಾಮ್ರ. ಮಳೆಗೆ ತೊಳೆದು ಬುಡದ ಮಣ್ಣಿಗೆ ಇಳಿದು ಅಲ್ಲೇ ಕೂರುತ್ತದೆ. ನೂರು ವರ್ಷ ಹೊಡೆದ ಯುರೋಪಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ಸೇರಿಕೊಂಡಿದ್ದರಿಂದ, ಅಲ್ಲಿ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರ ಮೀರಬಾರದು ಅನ್ನುವ ಮಿತಿ ಹಾಕಿದ್ದಾರೆ.

ಹೊಸಬಾಳೆಯ ತೋಟದಲ್ಲಿ ಏನಾಗಿತ್ತು ಅಂತ ಕೇಳುತ್ತೀರಿ. ಎರಡೂ! ಬುಡದ ಬಾಳೆ ಎಲೆಯಲ್ಲಿ ಸುಟ್ಟ ಕಲೆ ಇತ್ತು. ಹಳದಿ ಉಂಗುರದ ಚುಕ್ಕಿಗಳು ಹಿಂದೆಯೇ ಇದ್ದಂಥವು. ಮಾವನ ದೂರು "ಮದ್ದು ಹೊಡೆದರೂ ಚುಕ್ಕಿ ಹೋಗಲಿಲ್ಲ" ಅಂತ. ಚುಕ್ಕಿ ಹೋಗೋದಿಲ್ಲ. ಸತ್ತ ಎಲೆಯ ಭಾಗ ಯಾವ ಮದ್ದಿಗೂ ಮತ್ತೆ ಹಸಿರಾಗದು. ಜನ ಮತ್ತೆ ಮತ್ತೆ ಹೊಡೆಯುವುದು ಬಹುತೇಕ ಈ ಒಂದು ಕಾರಣಕ್ಕೆ, ಹಳೇ ಎಲೆ ನೋಡಿ. ನೋಡಬೇಕಾದದ್ದು ಮದ್ದು ಹೊಡೆದ ಮೇಲೆ ಬಿಚ್ಚಿದ ಎಲೆ. ಅಡಿಕೆ ಮರ ವರ್ಷಕ್ಕೆ ಆರೇಳು ಹೊಸ ಸೋಗೆ ಬಿಡುತ್ತದೆ. ಹಾಗಾಗಿ ಮದ್ದಿನ ಫಲ ಎಂಟು ದಿನದಲ್ಲಿ ಗೊತ್ತಾಗೋದಿಲ್ಲ, ಎರಡು ತಿಂಗಳು ತಾಳಬೇಕು. ಹೊಡೆದ ದಿನ ಸುಳಿಯ ಎಲೆಗೆ ಒಂದು ಬಣ್ಣದ ದಾರ ಕಟ್ಟಿಟ್ಟರೆ ಯಾವುದು ಹಳೆಯದು ಯಾವುದು ಹೊಸದು ಅಂತ ಗೊಂದಲ ಇರುವುದಿಲ್ಲ. ಹತ್ತೋಕೆ ಆಗದಿದ್ದರೆ ಚಿಕ್ಕ ಸಸಿಗಳಲ್ಲಿ ಕಟ್ಟಿದರೂ ನಡೆಯುತ್ತೆ.

ಜೊತೆಗೆ ಒಂದು ಮೂಲೆಯ ಹತ್ತು ಮರಗಳಿಗೆ ಮುಂದಿನ ಸಲ ಏನೂ ಹೊಡೆಯದೆ ಬಿಡಿ ಅಂದೆ. "ರೋಗ ಬಂದ್ರೆ ಆ ಹತ್ತು ಮರದ ದುಡ್ಡು ನೀನು ಕೊಡ್ತೀಯಾ?" ಅಂದರು. ಆಯ್ತು ಕೊಡ್ತೀನಿ ಅಂದಿದ್ದೇನೆ. ಸುಣ್ಣದ್ದು ಮಾತ್ರ ತಕ್ಷಣ ಗೊತ್ತಾಯಿತು. ಕೊಟ್ಟಿಗೆಯ ಹಳೇ ಚೀಲವೇ. ಅದನ್ನು ಗೋಡೆಗೆ ಬಳಿದು, ಹೊಸ ಸುಣ್ಣ ತಂದು, ಹಳೇ ಕತ್ತಿಯನ್ನು ಮರಳಲ್ಲಿ ಉಜ್ಜಿ ಅದ್ದಿ ನೋಡಿದ್ದಾರಂತೆ.

ನಿಮ್ಮ ಕಡೆ ಕೊಟ್ಟೆ ಕಟ್ಟಿದ ನೆನಪಿರುವ ಅಜ್ಜಂದಿರು ಇದ್ದರೆ ಕೇಳಿ ಕಮೆಂಟಿನಲ್ಲಿ ಬರೆಯಿರಿ. ಯಾವ ಹುಲ್ಲು, ಹೇಗೆ ಹೆಣೆಯುತ್ತಿದ್ದರು, ಒಬ್ಬ ಆಳು ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದ... ಶಿರಸಿ, ತೀರ್ಥಹಳ್ಳಿ, ಪುತ್ತೂರು ಕಡೆಯ ಬ್ಲಾಗಿಗರು ಇದ್ದೀರಲ್ಲ, ಚಾಕು ಅದ್ದಿ ನೋಡುವುದಕ್ಕೆ ನಿಮ್ಮೂರಲ್ಲಿ ಏನಾದರೂ ಹೆಸರಿದೆಯಾ?